ಕೇಳಿ ಒಯ್ದ ದೇಹ

ಲೂಯಿಸ್ ದ್ವೀಪದ ನಮ್ಮೂರಿನಲ್ಲಿ ನನ್ನಪ್ಪ ಟಾರ್ಕಿಲ್‌ನನ್ನು ಎಲ್ಲರೂ ‘ಹೆಣ’ ಎಂದೇ ಕರೆಯುತ್ತಿದ್ದರು. ದೋಣಿ ಹಿಡಿದು ಮೀನುಗಾರನಾಗುವ ಮೊದಲು ಅವನು ಲಂಡನ್ನಿನಲ್ಲಿ ಒಂದೇ ಒಂದು ಭಯಾನಕ ಸಿನಿಮಾದಲ್ಲಿ ಹೆಣವಾಗಿ ನಟಿಸಿದ್ದ. ಸಮಾಧಿಯಿಂದ ಕದ್ದು ತಂದ ಹೆಣವೊಂದು ವೈದ್ಯನ ಮೇಜಿನಿಂದೆದ್ದು, ತನ್ನ ಗೋರಿಯನ್ನು ಹುಡುಕುತ್ತ ಅಲೆಯುವ ಕತೆ. ಅದನ್ನು ನಮ್ಮ ಶಾಲೆಯಲ್ಲಿ ತೋರಿಸಿದಾಗ ಚರ್ಚಿನ ಹಿರಿಯರು ಯಾರೂ ಹೋಗಲಿಲ್ಲ. ಫಿನ್ಲೆ ಮಾವ ಮಾತ್ರ ಕಿಟಕಿಯಾಚೆ ನಿಂತು ಪೂರ್ತಿ ನೋಡಿದನಂತೆ.

ಫಿನ್ಲೆ ನನ್ನ ಅಮ್ಮನ ಅಣ್ಣ, ಚರ್ಚಿನ ಹಾಡುಗಾರ. ನಮ್ಮಲ್ಲಿ ವಾದ್ಯವಿಲ್ಲ, ಕೀರ್ತನೆಯ ಒಂದೊಂದು ಸಾಲನ್ನೂ ಮೊದಲು ಅವನು ಹೇಳಬೇಕು, ಆಮೇಲೆ ಊರು ಎತ್ತಿಕೊಳ್ಳಬೇಕು. ಅಕ್ಷರ ಕಲಿಯುವ ಮೊದಲೇ ನಾನು ಆ ಸಾಲುಗಳನ್ನು ಅವನ ಬಾಯಿಂದ ಕಲಿತಿದ್ದೆ.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದ ಅಪ್ಪ, ತನ್ನ ದೇಹವನ್ನು ಸಮುದ್ರದಾಚೆಯ ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟ. ಸುದ್ದಿ ತಿಳಿದ ಫಿನ್ಲೆ ಮಾವ ಟೋಪಿಯನ್ನೂ ತೆಗೆಯದೆ ಒಳಗೆ ಬಂದು ಮಂಚದ ಪಕ್ಕ ಕೂತ. ದೇವರು ಕೊಟ್ಟ ದೇಹ ಮಣ್ಣಿಗೇ ಸೇರಬೇಕು, ಹೂಳದ ದೇಹಕ್ಕೆ ತಾನು ಹಾಡುವುದಿಲ್ಲ ಎಂದ. ಅಪ್ಪ ಬಯಸಿದ್ದು ಅದೊಂದು ಹಾಡನ್ನೇ.

“ಕಡೇ ದಿನ ಸತ್ತೋರನ್ನ ಎಬ್ಬಿಸೋ ತುತ್ತೂರಿ ಊದಿದಾಗ ನಿನ್ನ ಕೈ ಒಂದು ಕಡೆ, ಕಾಲು ಒಂದು ಕಡೆ. ಹೆಂಗೆ ಏಳ್ತೀಯೋ, ಹೆಣ?” ಎಂದ ಮಾವ.

“ಎದ್ದು ರೂಢಿ ಇದೆ ಬಿಡು ಭಾವ. ಕಿಟಕೀಲಿ ನೀನೇ ನೋಡಿದ್ಯಲ್ಲ.”

ಮಾವ ನಗಲಿಲ್ಲ. ಅಪ್ಪ ಉಸಿರು ಕೂಡಿಸಿಕೊಂಡು ಮೆಲ್ಲಗೆ ಹೇಳಿದ: “ಆ ಹೆಣವನ್ನ ಯಾರೂ ಕೇಳಿರಲಿಲ್ಲ, ಕದ್ದಿದ್ರು. ಅದಕ್ಕೇ ಅಲೀತಿತ್ತು. ನನ್ನನ್ನ ಕೇಳಿದಾರೆ, ನಾನು ಹೂಂ ಅಂದಿದೀನಿ. ನಿಮ್ಮಪ್ಪನ್ನ ಸಮುದ್ರ ವಾಪಸ್ ಕೊಡಲೇ ಇಲ್ಲ. ದಡದಲ್ಲಿ ನಿಂತು ಅವರಿಗೆ ಹಾಡಿದ್ದು ಯಾರು ಭಾವ?”

ಮಾವ ಎದ್ದು ಹೋದ.

ಮಾರ್ಚಿನಲ್ಲಿ ಅಪ್ಪ ತೀರಿಕೊಂಡ. ಗಂಡಸರು ಎರಡು ಸಾಲಾಗಿ, ಹೆಗಲು ಬದಲಿಸುತ್ತ ಪೆಟ್ಟಿಗೆ ಹೊತ್ತರು. ಸ್ಮಶಾನದ ದಾರಿಯನ್ನು ಬಿಟ್ಟು ನೇರ ಬಂದರಿಗೆ ನಡೆದರು. ಫಿನ್ಲೆ ಮಾವ ಹೆಗಲು ಕೊಡದೆ ಕೊನೆಯಲ್ಲಿ ಬಂದ. ಪೆಟ್ಟಿಗೆ ಹಡಗು ಹತ್ತಿತು. ಯಾರೂ ಕದಲಲಿಲ್ಲ, ಎಲ್ಲರೂ ಮಾವನ ಮುಖವನ್ನೇ ನೋಡುತ್ತಿದ್ದರು.

ಮಾವ ನೀರಿನ ಕಡೆ ತಿರುಗಿ ಟೋಪಿ ತೆಗೆದ. ತನ್ನಪ್ಪನಿಗೆ ಹಾಡಿದ್ದ ಕೀರ್ತನೆಯದೇ ಮೊದಲ ಸಾಲು ಹೇಳಿದ. ಊರು ಎತ್ತಿಕೊಂಡಿತು. ಹಗ್ಗ ಬಿಚ್ಚುತ್ತಿದ್ದ ಹಡಗಿನವರು ಕೈ ನಿಲ್ಲಿಸಿದರು. ಚರ್ಚಿನಲ್ಲಿ ತುಟಿಯೊಳಗೇ ಹಾಡುತ್ತಿದ್ದ ನಾನು ಅಂದು ಎಲ್ಲರಿಗೂ ಕೇಳುವಂತೆ ಹಾಡಿದೆ.

ಹಡಗು ಮರೆಯಾದ ಮೇಲೆ ಮಾವ ಟೋಪಿ ಹಾಕಿಕೊಂಡು ನನ್ನ ಹತ್ತಿರ ಬಂದ.

“ನಮ್ಮೂರಿಂದ ಕಾಲೇಜಿಗೆ ಹೋದವರಲ್ಲಿ ನಿಮ್ಮಪ್ಪನೇ ಮೊದಲನೆಯವನು ಕಣಮ್ಮ,” ಎಂದ.