ಇಬ್ಬನಿಗೆ ಎರಡು ಕಿಲೋ

ನಾಯಿ ಸಾಕುವ ವಿಷಯದಲ್ಲಿ ಬಾಯಿ ತೆರೆಯುವ ಯೋಗ್ಯತೆ ನನಗಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡು, ಓದುವವರ ಕ್ಷಮೆ ಕೇಳಿಕೊಂಡು ಬರೆಯುತ್ತಿದ್ದೇನೆ. ನನ್ನ ಹೆಸರು ಆಶಾರಾಣಿ. ಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ. ಕೆಲಸದವರ ಹಾಜರಿ ಹಾಕುವುದು, ಕಿಲೋ ಲೆಕ್ಕದ ಕೂಲಿಗಾಗಿ ಅವರು ಕುಯ್ದು ತಂದ ಕಾಫಿ ಹಣ್ಣನ್ನು ತೂಗಿ ಬರೆದುಕೊಳ್ಳುವುದು ನನ್ನ ಕೆಲಸ. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಕುಶಾಲನಗರದಲ್ಲಿ ಸಂಜೆ ತರಗತಿಗೆ ಹೋಗಿ ಪಿಯುಸಿ ಮುಗಿಸಿದವಳು ನಾನು. ಹಗಲು ಓದಿದವರಿಗೆ ಗೊತ್ತಿರುವುದೇನೋ ನನಗೆ ತಪ್ಪಿಹೋಗಿದೆ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಅದಕ್ಕೇ ಏನನ್ನೂ ಎರಡು ಸಲ ನೋಡದೆ ಬಿಡುವುದಿಲ್ಲ. ಹಾಗಿದ್ದೂ ತಪ್ಪು ಮಾಡಿದೆ, ಅದೂ ನನಗೆ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದ ಒಂದೇ ಕೆಲಸದಲ್ಲಿ.

ನಮ್ಮ ಸಾವ್ಕಾರ್ರು ಕುಶಾಲಪ್ಪನವರ ಮನೆಯ ಗ್ರೇಟ್ ಡೇನ್ ನಾಯಿ ಅಕ್ಟೋಬರಿನಲ್ಲಿ ಏಳು ಮರಿ ಹಾಕಿತು. ಆರನ್ನು ಮೈಸೂರು, ವಿರಾಜಪೇಟೆ ಕಡೆಯವರು ಒಯ್ದರು. ಉಳಿದ ಒಂದು ಹೆಣ್ಣು ಮರಿ ಎಲ್ಲಕ್ಕಿಂತ ಸಣ್ಣದು. ಅದನ್ನು ಯಾರೂ ಕೇಳಲಿಲ್ಲ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಬಂಗಲೆಗೆ ಹೋಗಿದ್ದಾಗ ಅದು ಬಂದು ನನ್ನ ಪಾದದ ಮೇಲೆ ಕೂತುಬಿಟ್ಟಿತು. ಕಾಲೆಳೆದುಕೊಂಡರೆ ಉರುಳಿಬೀಳುತ್ತದೇನೋ ಎಂದು ಹೆದರಿ ನಾನು ನಿಂತಲ್ಲೇ ನಿಂತೆ.

"ಎಂತ ಆಶಾ, ಕಾಲಿಗೆ ಬೇರು ಬಂತಾ?" ಎಂದರು ಸಾವ್ಕಾರ್ರು.

"ಮರಿ ಕೂತಿದೆ ಸಾರ್."

"ಅದು ಕಾಣ್ತದೆ. ಬೇಕಾ ನಿಂಗೆ?"

"ನಂಗೆ ಸಾಕೋಕೆ ಬರಲ್ಲ ಸಾರ್."

"ಬೇಡ ಅಂತ ಹೇಳ್ಲಿಲ್ಲ ನೀನು."

ಅವರು ಕನ್ನಡಕ ತೆಗೆದಿಟ್ಟು ಗಂಭೀರವಾಗಿ ಹೇಳಿದರು. "ನೋಡು, ಇದು ಐವತ್ತು ಕಿಲೋ ಆಗುವ ಜಾತಿ. ಮೊದಲಿನ ಆರು ತಿಂಗಳಲ್ಲಿ ಕಾಲು ಸರಿಯಾಗಿ ಬರ್ಬೇಕು. ಆಗ ಕೆಟ್ಟರೆ ಜೀವಮಾನ ಇಡೀ ನೋವು. ಕುಯ್ಲು ಮುಗಿದ ದಿನ ಕಣದಲ್ಲಿ ನಡೆಸಿ ತೋರಿಸು. ನೆಟ್ಟಗೆ ನಡೆದರೆ ನಿಂದೇ. ಇಲ್ಲದಿದ್ರೆ ಕುಟ್ಟದ ಪದ್ಮಯ್ಯನಿಗೆ ಕೊಡ್ತೇನೆ, ಅವನಿಗೆ ಇಂಥ ನಾಯಿ ಸಾಕಿ ಗೊತ್ತುಂಟು. ಆಮೇಲೆ ಬೇಜಾರು ಮಾಡ್ಬಾರ್ದು."

ಎರಡು ದಿನ ಸಮಯ ಕೇಳಿ ಬಂದೆ.

ನಮ್ಮ ಕ್ವಾರ್ಟರ್ಸಿನ ನೆಲ ಕಾವಿ ಹಾಕಿದ್ದು. ಮೂವತ್ತು ವರ್ಷ ಒರೆಸಿ ಒರೆಸಿ ಗಾಜಿನ ಹಾಗೆ ಆಗಿದೆ. ಮರಿಯ ಕಾಲು ಜಾರುವುದು ಖಂಡಿತ. ಹಳೆಯ ಕಾಫಿ ಚೀಲಗಳನ್ನು ಒಗೆದು ಒಣಗಿಸಿ, ದಬ್ಬಣದಲ್ಲಿ ಒಂದಕ್ಕೊಂದು ಹೊಲಿದು ಗೋಡೆಯಿಂದ ಗೋಡೆಗೆ ಹಾಸಿದೆ. ಬಾಗಿಲ ಮುಂದಿನ ಮೂರು ಮೆಟ್ಟಿಲ ಮೇಲೆ ಇಳಿಜಾರಾಗಿ ಹಲಗೆ ಹಾಕಿದೆ, ಮರಿ ಹಾರಬಾರದಲ್ಲ. ನನ್ನ ಗಂಡ ಧರ್ಮೇಶ್ ಎಸ್ಟೇಟಿನ ಪಿಕಪ್ ಓಡಿಸುತ್ತಾರೆ. ಅವರು ಒಂದು ಚೀಲಕ್ಕೆ ಕಾಫಿ ಹೊಟ್ಟು ತುಂಬಿ ಮೆತ್ತಗಿನ ಹಾಸಿಗೆ ಮಾಡಿದರು. ಅದು ನಾಯಿಗೆ ವಿಷವಾಗಬಹುದೇನೋ ಎಂದು ನನಗೆ ಅನುಮಾನ ಬಂತು. ಗೋಣಿಕೊಪ್ಪದ ನಾಯಿ ಡಾಕ್ಟರ್ ಮೋನಿಷಾ ಅವರಿಗೆ ಫೋನ್ ಮಾಡಿ ಕೇಳಿದೆ. ತಿಂದರೆ ವಿಷವೇ ಎಂದರು. ಹೊಟ್ಟು ಸುರಿದು ಹುಲ್ಲು ತುಂಬಿದೆ. ಹಿತ್ತಲಲ್ಲಿ ಉದುರಿದ್ದ ಕಾಫಿ ಹಣ್ಣನ್ನೂ ಒಂದೊಂದಾಗಿ ಆರಿಸಿದೆ.

"ನನ್ನ ಮದ್ವೆ ಆಗೋವಾಗ ಇಷ್ಟು ತಯಾರಿ ಮಾಡಿದ್ದೆಯಾ?" ಎಂದರು ಧರ್ಮೇಶ್.

"ನಿಮ್ಮ ಕಾಲು ಆಗ್ಲೇ ಬೆಳೆದಿತ್ತಲ್ರೀ."

ಪಿಕಪ್‌ನಲ್ಲಿ ನನ್ನ ಮಡಿಲಲ್ಲಿ ಕೂತು, ಎರಡು ಸಲ ವಾಂತಿ ಮಾಡಿಕೊಂಡು ಮರಿ ಮನೆಗೆ ಬಂತು. ಹೆಸರು ಹುಡುಕುವವರೆಗೆ ಪುಟ್ಟಿ ಎಂದು ಕರೆದೆವು. ಮತ್ತೆ ಹುಡುಕಲೇ ಇಲ್ಲ.

ಡಾಕ್ಟರ್ ಅದನ್ನು ತೂಗಿ ಆರೂವರೆ ಕಿಲೋ ಎಂದರು. ಯಾವ ವಾರಕ್ಕೆ ಎಷ್ಟು ತೂಕವಿರಬೇಕೆಂದು ಒಂದು ಕಾಗದದಲ್ಲಿ ಬರೆದುಕೊಟ್ಟರು. "ದೊಡ್ಡ ಜಾತಿ ಮರಿ ನಿಧಾನಕ್ಕೆ ಬೆಳೀಬೇಕು ಅಕ್ಕ. ಬೇಗ ಬೆಳೆಸಿದ್ರೆ ಮೂಳೆ ತಡೆಯಲ್ಲ. ಈಗ ಕುಯ್ಲಿನ ಟೈಮು, ನೀವು ಪ್ರತಿ ವಾರ ಬರೋಕಾಗಲ್ಲ. ಮನೇಲೇ ತೂಗಿ ಮೆಸೇಜ್ ಹಾಕಿ, ಊಟ ಎಷ್ಟು ಅಂತ ನಾನು ಹೇಳ್ತೀನಿ" ಎಂದರು.

ತೂಗುವುದು ಎಂದ ಕೂಡಲೇ ನನಗೆ ಧೈರ್ಯ ಬಂತು. ಅದು ನನ್ನ ಕೆಲಸ.

ಕುಯ್ಲಿನ ಕಾಲದಲ್ಲಿ ಸಂಜೆ ನಾಲ್ಕಕ್ಕೆ ಎಲ್ಲರೂ ಹಣ್ಣಿನ ಚೀಲ ಹೊತ್ತು ಕಾಫಿ ಒಣಗಿಸುವ ಕಣಕ್ಕೆ ಬರುತ್ತಾರೆ. ಶೆಡ್ಡಿನ ತೊಲೆಗೆ ತೂಕದ ಮಷೀನು ನೇತುಹಾಕಿದೆ. ಕೊಕ್ಕೆಗೆ ಚೀಲ ಸಿಕ್ಕಿಸಿದರೆ ಅಂಕಿ ಬರುತ್ತದೆ. ಅದರಲ್ಲಿ ಚೀಲಕ್ಕೆ ಒಂದು ಕಿಲೋ, ಇಬ್ಬನಿಗೆ ಎರಡು ಕಿಲೋ ಕಳೆದು ಬರೆಯುವುದು ಎಸ್ಟೇಟಿನ ಪದ್ಧತಿ. ಬೆಳಗಿನ ಇಬ್ಬನಿಯಲ್ಲಿ ನೆನೆದ ಹಣ್ಣಲ್ಲಿ ನೀರು, ಎಲೆ, ಕಡ್ಡಿ ಸೇರಿರುತ್ತದೆ ಎಂಬ ಲೆಕ್ಕ. ನನಗಿಂತ ಹಿಂದಿನ ರೈಟರ್ ಹಾಗೆ ಬರೆಯುತ್ತಿದ್ದರು, ಹನ್ನೊಂದು ವರ್ಷದಿಂದ ನಾನೂ ಹಾಗೇ ಬರೆಯುತ್ತಿದ್ದೆ. ಶನಿವಾರ ಎಲ್ಲರ ಚೀಲ ಮುಗಿದ ಮೇಲೆ ಪುಟ್ಟಿಯನ್ನು ಒಂದು ಚೀಲದಲ್ಲಿ ಕೂರಿಸಿ, ತಲೆ ಹೊರಗೆ ಬಿಟ್ಟು ಕೊಕ್ಕೆಗೆ ಹಾಕುತ್ತಿದ್ದೆ. ಅದು ಕಿವಿ ಇಳಿಬಿಟ್ಟು ಗಂಭೀರವಾಗಿ ತೂಗಾಡುತ್ತಿತ್ತು. ಎಲ್ಲರೂ ನಗುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಮೊದಲ ವಾರವೇ ತೂಕ ಕಡಿಮೆ ಬಂತು. ಮುಂದಿನ ವಾರ ಮತ್ತೂ ಹಾಗೆ, ಕಾಗದದಲ್ಲಿದ್ದದ್ದಕ್ಕಿಂತ ಸುಮಾರು ಎರಡು ಕಿಲೋ ಹಿಂದೆ. ಮರಿ ಸೊರಗುತ್ತಿದೆ, ನನ್ನ ಕೈಗೆ ಬಂದದ್ದೇ ಅದರ ದುರದೃಷ್ಟ ಎಂದುಕೊಂಡೆ. ಡಾಕ್ಟರ್ ಊಟ ಸ್ವಲ್ಪ ಹೆಚ್ಚಿಸಿ ಎಂದರು. ನಾನು ಸ್ವಲ್ಪಕ್ಕೆ ನಿಲ್ಲಿಸಲಿಲ್ಲ. ಮೊಟ್ಟೆ, ಕೋಳಿ ಸಾರು, ಅನ್ನ ಹಾಕಿದೆ. ಮೂಳೆ ಗಟ್ಟಿಯಾಗಲಿ ಎಂದು ಯಾರನ್ನೂ ಕೇಳದೆ ಕ್ಯಾಲ್ಸಿಯಂ ಪುಡಿ ತಂದು ಕಲಸಿದೆ. ಧರ್ಮೇಶ್ ತಮ್ಮ ತಟ್ಟೆಯ ಮುದ್ದೆಯಲ್ಲಿ ಅರ್ಧ ಅದಕ್ಕೆ ಹಾಕುತ್ತಿದ್ದರು.

ಜನವರಿಯ ಕೊನೆಗೆ ನನ್ನ ಪುಸ್ತಕದ ಅಂಕಿಯೂ ಡಾಕ್ಟರ ಕಾಗದದ ಅಂಕಿಯೂ ಒಂದೇ ಆದವು. ಆ ದಿನ ಪಾಯಸ ಮಾಡಿದೆ.

ಐದು ದಿನ ಬಿಟ್ಟು, ಗುರುವಾರ ಬೆಳಿಗ್ಗೆ ಪುಟ್ಟಿ ಹಲಗೆ ಇಳಿಯುವಾಗ ಕಂಡಿತು. ಮುಂಗಾಲು ಎರಡೂ ಹೊರಕ್ಕೆ ಬಾಗಿದ್ದವು. ಪಾದದ ಬೆರಳು ಅಗಲವಾಗಿ ಹರಡಿದ್ದವು. ನಾಲ್ಕು ಹೆಜ್ಜೆ ನಡೆದು ಕೂತುಬಿಟ್ಟಿತು. ನಾನೂ ಅದರ ಪಕ್ಕ ಕೂತೆ. ಕುಟ್ಟದ ಪದ್ಮಯ್ಯನವರನ್ನು ನಾನು ನೋಡಿರಲಿಲ್ಲ, ಆದರೆ ಅವರು ಬಂದು ಇದರ ಕೊರಳಿಗೆ ಸರಪಳಿ ಹಾಕುವುದು ಕಣ್ಣಿಗೆ ಕಟ್ಟಿತು. ಡಾಕ್ಟರ್ ಭಾನುವಾರ ಕರೆದುಕೊಂಡು ಬನ್ನಿ ಎಂದರು.

ಶನಿವಾರ ಎಂದಿನ ಹಾಗೆ ತೂಗಲು ಹೋದೆ. ಕೆಲಸದವರ ಲೈನ್‌ಮನೆಯ ಲಿಂಗಮ್ಮ ತನ್ನ ಹಣ್ಣು ತೂಗಿಸಿ ಮುಗಿಸಿ, ಎಲೆಯಡಿಕೆ ಹಾಕಿಕೊಳ್ಳುತ್ತ ಅಲ್ಲೇ ಕೂತಿದ್ದಳು. ಇಪ್ಪತ್ತು ವರ್ಷದಿಂದ ಕುಯ್ಯುತ್ತಿರುವವಳು. ಮಷೀನಿನ ಅಂಕಿ ಹದಿನೆಂಟು ತೋರಿಸಿತು. ನಾನು ಹದಿನೈದು ಬರೆದೆ.

"ರೈಟ್ರಮ್ಮ" ಎಂದಳು ಲಿಂಗಮ್ಮ. "ನಾಯಿಮರೀನೂ ಇಬ್ಬನೀಲಿ ನೆಂದಿತ್ತಾ?"

"ಏನು?"

"ಅಲ್ಲ, ಹದ್ನೆಂಟು ಅಂತ ಬಂತು, ಹದ್ನೈದು ಅಂತ ಬರ್ಕೊಂಡೆ. ಚೀಲಕ್ಕೆ ಒಂದು ಸರಿ. ಮಿಕ್ಕಿದ್ದೆರಡು? ಮರೀಲಿ ಎಲೆ ಕಡ್ಡಿ ಐತಾ?"

ಸುತ್ತ ನಿಂತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಪುಸ್ತಕ ನೋಡಿದೆ. ಏಳು ವಾರವೂ ನನ್ನ ಕೈ ತಾನೇ ತಾನಾಗಿ ಮೂರು ಕಳೆದಿತ್ತು. ಪುಟ್ಟಿ ಒಂದು ದಿನವೂ ಸೊರಗಿರಲಿಲ್ಲ. ಸರಿಯಾಗಿಯೇ ಬೆಳೆಯುತ್ತಿದ್ದ ಮರಿಗೆ ನಾನು ಎರಡು ಕಿಲೋ ಹೆಚ್ಚು ಹೊರಿಸಿದ್ದೆ, ಎಳೆ ಕಾಲಿನ ಮೇಲೆ.

ನಾನು ಅಳುವುದನ್ನು ನೋಡಿ ಲಿಂಗಮ್ಮ ಎದ್ದು ಬಂದು ಮರಿಯನ್ನು ಕೊಕ್ಕೆಯಿಂದ ಇಳಿಸಿದಳು. "ಅಳೋದ್ಯಾಕೆ? ನಮ್ಮ ಚೀಲಕ್ಕೂ ದಿನಾ ಹಂಗೇ ಕಳೀತೀಯ, ನಾವೇನು ಅತ್ವಾ?" ಎಂದಳು. ಅವಳು ತಮಾಷೆಗೇ ಹೇಳಿದ್ದು. ಆದರೆ ನಾನು ಶೆಡ್ಡಿನ ಮೂಲೆಯಲ್ಲಿದ್ದ ಹಣ್ಣಿನ ರಾಶಿಗೆ ಕೈ ಹಾಕಿ ನೋಡಿದೆ. ಬಿಸಿಲಿನ ಹಣ್ಣು, ಮೇಲೆ ಒಂದು ಹನಿ ನೀರಿರಲಿಲ್ಲ. ಇಬ್ಬನಿ ಎಲ್ಲಿಂದ ಬರಬೇಕು?

ಭಾನುವಾರ ಡಾಕ್ಟರ ಮುಂದೆ ಎಲ್ಲ ಹೇಳಿದೆ, ಕ್ಯಾಲ್ಸಿಯಂ ಪುಡಿಯನ್ನೂ ಬಿಡಲಿಲ್ಲ. ಅವರು ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ಪುಡಿ ಇವತ್ತೇ ನಿಲ್ಸಿ. ಊಟ ಅಳೆದು ಹಾಕಿ. ಹಾರೋದು ಬೇಡ, ಮಣ್ಣಿನ ಮೇಲೆ ನಿಧಾನಕ್ಕೆ ನಡೆಸಿ. ಇನ್ನೂ ಎಳೇದು, ಕಾಲು ನೆಟ್ಟಗಾಗಬಹುದು. ಆಗೇ ಆಗುತ್ತೆ ಅಂತ ಮಾತು ಕೊಡಲ್ಲ" ಎಂದರು.

ಸೋಮವಾರ ಬಂಗಲೆಗೆ ಹೋದೆ. ಸುಮ್ಮನಿದ್ದರೆ ಕುಯ್ಲು ಮುಗಿಯುವವರೆಗೆ ಸಾವ್ಕಾರ್ರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಇಬ್ಬನಿಯ ಮಾತು ಹೇಳಬೇಕೆಂದರೆ ಮರಿಯ ಮಾತನ್ನು ಮುಚ್ಚಿಡುವ ದಾರಿ ನನಗೆ ಹೊಳೆಯಲಿಲ್ಲ. ಎರಡನ್ನೂ ಹೇಳಿದೆ.

ಸಾವ್ಕಾರ್ರು ಮೊದಲು ಕೇಳಿದ್ದು ಹಣ್ಣಿನ ಮಾತು. "ಒಣ ಹಣ್ಣಿಗೆ ಇಬ್ಬನಿ ಕಳೆಯುವುದು ಯಾರು ಹೇಳಿದ್ದು?"

"ಮೊದಲಿಂದ ಹಾಗೇ ಸಾರ್."

"ನಂಗೂ ಗೊತ್ತಿಲ್ಲ, ನಾನೂ ಕೇಳ್ಲಿಲ್ಲ. ನಾಳೆಯಿಂದ ನಿಲ್ಸು. ನೆಂದಿದ್ರೆ ಮಾತ್ರ ಕಳಿ." ಮತ್ತೆ ಕನ್ನಡಕ ತೆಗೆದರು. "ಮರಿಯ ಕಾಲು ಸೊಟ್ಟ ಆಗಿದೆ ಅಂತ ನೀನೇ ಬಂದು ಹೇಳ್ತಿದ್ದೀ, ಅಲ್ಲಾ?"

"ಹೌದು ಸಾರ್."

"ಮಾತು ಮಾತೇ ಆಶಾ. ಕುಯ್ಲು ಮುಗಿದ ದಿನ ಪದ್ಮಯ್ಯನಿಗೆ ಬರ್ಲಿಕ್ಕೆ ಹೇಳ್ತೇನೆ."

ಇದ್ದದ್ದು ಆರು ವಾರ. ಬೆಳಿಗ್ಗೆ ಹಾಜರಿಗೆ ಮೊದಲು, ಸಂಜೆ ತೂಕ ಮುಗಿದ ಮೇಲೆ, ಕಾಫಿ ಗಿಡಗಳ ಸಾಲಿನ ನಡುವೆ ಪುಟ್ಟಿಯ ಜೊತೆ ನಡೆದೆ. ಮೊದಲ ವಾರ ಹತ್ತು ಗಿಡದಷ್ಟು ದೂರ, ಆಮೇಲೆ ಇಪ್ಪತ್ತು. ಊಟಕ್ಕೆ ಒಂದೇ ಲೋಟ ಗುರುತು ಮಾಡಿಟ್ಟೆ. ಧರ್ಮೇಶ್ ಮುದ್ದೆ ತಿನ್ನುವಾಗ ಮರಿಯ ಕಡೆ ಬೆನ್ನು ಹಾಕಿ ಕೂರಬೇಕೆಂದು ಕಟ್ಟಪ್ಪಣೆ ಮಾಡಿದೆ. "ಜೈಲಲ್ಲೂ ಹಿಂಗೆ ಊಟ ಮಾಡಲ್ಲ ಕಣೆ" ಎನ್ನುತ್ತಲೇ ಬೆನ್ನು ಹಾಕಿ ಕೂತರು. ಲಿಂಗಮ್ಮ ಶನಿವಾರ ಮಷೀನಿನ ಪಕ್ಕ ನಿಂತು, ನನಗಿಂತ ಮೊದಲು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದಳು. ಅದು ಅವಳ ಹಕ್ಕಾಗಿಬಿಟ್ಟಿತು. ದಿನಾ ಪುಟ್ಟಿಯ ಕಾಲಿನ ಫೋಟೋ ತೆಗೆದು ಹಿಂದಿನ ದಿನದ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಒಂದು ದಿನಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಮಾರ್ಚ್ ಮಧ್ಯದಲ್ಲಿ ಕುಯ್ಲು ಮುಗಿಯಿತು. ಕೊನೆಯ ದಿನ ಕಣದಲ್ಲಿ ಎಲ್ಲರಿಗೂ ಊಟ ಹಾಕುವುದು ಇಲ್ಲಿನ ರೂಢಿ. ಪದ್ಮಯ್ಯನವರು ಜೀಪಿನಲ್ಲಿ ಬಂದರು. ಜೀಪಿನ ಹಿಂದೆ ಹೊಸ ಸರಪಳಿ, ಒಂದು ಕಂಬಳಿ ಇದ್ದವು. ಕಂಬಳಿ ನೋಡಿ ಅವರು ಒಳ್ಳೆಯ ಮನುಷ್ಯ ಎಂದು ಗೊತ್ತಾಯಿತು. ಪುಟ್ಟಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.

"ಬಿಡು ಆಶಾ" ಎಂದರು ಸಾವ್ಕಾರ್ರು.

ಪುಟ್ಟಿಗೆ ಆಗ ಐದು ತಿಂಗಳು. ಬೆನ್ನು ನನ್ನ ತೊಡೆಯವರೆಗೆ ಬರುತ್ತಿತ್ತು. ಕಣದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಲಿಂಗಮ್ಮ. ನಡುವೆ ಸಿಮೆಂಟು ನೆಲ. ಹಗ್ಗ ಬಿಟ್ಟೆ. ಅದು ಒಂದು ಹೆಜ್ಜೆ ಇಟ್ಟು ನಿಂತಿತು.

"ಬಾರೆ ನನ್ನವ್ವ!" ಎಂದು ಲಿಂಗಮ್ಮ ಕೂಗಿದಳು.

ಅದು ನಡೆಯಿತು. ಮುಂಗಾಲು ಎರಡೂ ಕಂಬದ ಹಾಗೆ ನೆಟ್ಟಗೆ, ಬೆರಳು ಒತ್ತಾಗಿ ಕೂಡಿಕೊಂಡು, ತಲೆ ಎತ್ತಿಕೊಂಡು ನಡೆಯಿತು. ಅರ್ಧ ದಾರಿಗೆ ಬಂದಾಗ ನಡಿಗೆ ಸಾಕೆನ್ನಿಸಿತೋ ಏನೋ, ಕಿವಿ ಹಾರಿಸಿಕೊಂಡು ಓಡಿತು. ಹೆಂಗಸರು ಕೇಕೆ ಹಾಕಿದರು. ಯಾರೋ ತಟ್ಟೆ ಬಡಿದರು. ಪುಟ್ಟಿ ಲಿಂಗಮ್ಮನನ್ನು ಮುಟ್ಟಿ, ತಿರುಗಿ, ಅದೇ ಓಟದಲ್ಲಿ ನನ್ನ ಬಳಿಗೆ ಬಂದು ನನ್ನ ಪಾದದ ಮೇಲೆ ಕೂತಿತು. ಈಗ ಪಾದ ನೋಯುವಷ್ಟು ಭಾರ.

ಪದ್ಮಯ್ಯನವರು ಬಂದು ಮಂಡಿಯೂರಿ ಕೂತು, ಎರಡೂ ಮುಂಗಾಲನ್ನು ಮೇಲಿನಿಂದ ಕೆಳಗೆ ಸವರಿ ನೋಡಿದರು. ಆಮೇಲೆ ಎದ್ದು ಮಂಡಿಯ ಧೂಳು ಕೊಡವಿಕೊಂಡರು. "ಕುಶಾಲ, ಇದನ್ನ ನಾನು ಕೊಂಡುಹೋಗಿ ಎಂತ ಮಾಡೋದು ಮಾರಾಯ? ಈ ರೈಟರನ್ನೂ ಜೊತೇಲಿ ಕೊಂಡುಹೋಗ್ಬೇಕಾಗ್ತದೆ. ಊಟ ಎಲ್ಲಿ?"

ಕಂಬಳಿಯನ್ನು ಮಾತ್ರ ನಮಗೇ ಕೊಟ್ಟು ಹೋದರು.

ಊಟಕ್ಕೆ ಮೊದಲು ಎಲ್ಲರೂ ಹಟ ಹಿಡಿದರು, ಕೊನೆಯ ತೂಕ ಆಗಲೇಬೇಕು. ಪುಟ್ಟಿ ಈಗ ಚೀಲದಲ್ಲಿ ಹಿಡಿಸುವುದಿಲ್ಲ. ಮೂಟೆ ತೂಗುವ ನೆಲದ ಮಷೀನಿನ ಮೇಲೆ ನಿಲ್ಲಿಸಿದೆವು.

"ಇಪ್ಪತ್ತೇಳು!" ಎಂದು ಕೂಗಿದಳು ಲಿಂಗಮ್ಮ. "ಚೀಲಕ್ಕೆಷ್ಟು ರೈಟ್ರಮ್ಮ?"

"ಚೀಲ ಇಲ್ಲ."

"ಇಬ್ಬನಿಗೆ?"

"ಇಬ್ಬನಿ ಇಲ್ಲ!" ಎಂದು ನಾನೂ ಕೂಗಿದೆ. ಅಷ್ಟು ಜನರ ಮುಂದೆ ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಇಪ್ಪತ್ತೇಳು ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಇಡೀ ಪುಸ್ತಕದಲ್ಲಿ ಎರಡು ಸಲ ನೋಡದೆ ಬರೆದ ಅಂಕಿ ಅದೊಂದೇ.

ಕಾಲು ನೆಟ್ಟಗಾದದ್ದು ಊಟ ಕಡಿಮೆ ಮಾಡಿದ್ದರಿಂದಲೋ, ಪುಡಿ ನಿಲ್ಲಿಸಿದ್ದರಿಂದಲೋ, ಮಣ್ಣಿನ ನಡಿಗೆಯಿಂದಲೋ, ಹೇಗೂ ಆಗುತ್ತಿತ್ತೋ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಇಂಥ ನಾಯಿಗಳ ಸೊಂಟ ಹೇಗಿದೆ ಎಂಬುದು ಎರಡು ವರ್ಷ ತುಂಬಿದ ಮೇಲೆಯೇ ಸರಿಯಾಗಿ ಗೊತ್ತಾಗುವುದಂತೆ. ನಾನು ಹೊರಿಸಿದ ಆ ಎರಡು ಕಿಲೋ ಒಳಗೆಲ್ಲಾದರೂ ಗುರುತು ಬಿಟ್ಟಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.