ಎರವಿನ ಗ್ಯಾಸು

ಲಕ್ಷ್ಮವ್ವ ನೀರು ಕಾಯಿಸುವ ಬಂಬದ ಬಾಯಿಗೆ ಊದುಗೊಳವೆ ಹಿಡಿದು ಮತ್ತೊಮ್ಮೆ ಊದಿದಳು. ಬಂಬ ಹೊಗೆಯನ್ನೆಲ್ಲ ತಿರುಗಿಸಿ ಅವಳ ಮುಖಕ್ಕೇ ಉಗುಳಿತು.

"ನಿನ್ನ ಬಾಯಾಗ ಬೂದಿ ಬೀಳ್ಲಿ!" ಎಂದು ಬೈದಳು. ಬಂಬದ ಬಾಯಲ್ಲಿ ಬೂದಿ ಮೊದಲೇ ತುಂಬಿತ್ತು.

ಜೋಗೇಶ್ವರಿಯ ಆ ಚಾಳಿನ ಹಿಂದೆಲ್ಲ ಫರ್ನಿಚರ್ ಮಾಡುವ ಸಣ್ಣ ಸಣ್ಣ ಕಾರಖಾನೆಗಳು. ಪಕ್ಕದ ಮನೆಯ ಅಕ್ಬರಬಿಯ ಗಂಡ ಬಡೇಸಾಬ ಅಲ್ಲಿ ಬಡಗಿ. ಅವನು ತಂದುಕೊಡುವ ಪ್ಲೈವುಡ್ ತುಂಡುಗಳೇ ಲಕ್ಷ್ಮವ್ವನಿಗೆ ಅಡಿಗೆಗೂ ಆಗಬೇಕು, ಸ್ನಾನದ ನೀರಿಗೂ ಆಗಬೇಕು. ನೀರು ಕಾಯಿಸಲು ಒಮ್ಮೆ ಕರೆಂಟಿನ ರಾಡ್ ಹಾಕಿ ನೋಡಿದ್ದಳು. ಇಡೀ ಸಾಲಿನ ಫ್ಯೂಸ್ ಹಾರಿ, ಟೀವಿ ಮುಂದೆ ಕೂತಿದ್ದವರೆಲ್ಲ ಎದ್ದು ಬಂದು ಅವಳ ಬಾಗಿಲಿಗೆ ನಿಂತಿದ್ದರು.

ಒಳಗಿನಿಂದ ಮಗಳು ಮಹಾದೇವಿ ಕೆಮ್ಮಿದಳು. ದಿನ ತುಂಬಿದ ಬಸುರಿ. ಮುಲುಂಡಿನ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು.

"ಅವ್ವಾ, ಸಾಕು ಬಿಡ. ನನ್ನ ಜೋಡಿ ಹೊಟ್ಟ್ಯಾಗಿನ ಕೂಸೂ ಕೆಮ್ಮಾಕತ್ತೈತಿ."

ಇದೇ ಕೆಮ್ಮು ಈಗ ಲಕ್ಷ್ಮವ್ವನ ಎದೆಗೆ ಮುಳ್ಳಾಗಿ ಕೂತಿತ್ತು. ಬಾಣಂತಿಗೆ ಹಂಡೆಗಟ್ಟಲೆ ನೀರು ಎರೆಯಬೇಕು, ಸುಡುಸುಡು ನೀರು, ಬೆನ್ನು ಕೆಂಪಗಾಗುವ ಹಾಗೆ. ಆದರೆ ದವಾಖಾನೆಯ ನರ್ಸಬಾಯಿ, ಹೊಗೆಯ ಮನೆಯಲ್ಲಿ ಕೂಸು ಇಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದಳು. ಆ ಮಾತು ಮುಲುಂಡಿನ ಬೀಗತಿ ಹನುಮವ್ವನ ಕಿವಿಗೂ ಬಿದ್ದಿತ್ತು. ಅವಳು ಬೆಳಿಗ್ಗೆಯೇ ಫೋನ್ ಹಚ್ಚಿದ್ದಳು.

"ಏನ್ರೀ ಬೀಗರ, ನಿಮ್ಮ ಸರಕಾರದ ಗ್ಯಾಸ್ ಇನ್ನೂ ಬರಲಿಲ್ಲೇನು? ಐತವಾರ ಟ್ಯಾಕ್ಸಿ ತರ್ತೀನಿ. ಮಹಾದೇವೀನ ಕರಕೊಂಡ ಬರ್ತೀನಿ. ನಮ್ಮಲ್ಲಿ ಗೀಸರ್ ಐತಿ, ಗುಂಡಿ ಒತ್ತಿದರ ಆತು."

ಹನುಮವ್ವ ಆ ಗೀಸರಿನ ಸುದ್ದಿ ಎತ್ತಿದಾಗಲೆಲ್ಲ ಲಕ್ಷ್ಮವ್ವನಿಗೆ ಅದು ತಮ್ಮಿಬ್ಬರ ನಡುವೆ ಬಂದು ಕೂತ ಮೂರನೆಯ ಬೀಗತಿಯ ಹಾಗೆ ಕಾಣುತ್ತಿತ್ತು.

ಗ್ಯಾಸು ಬರಬೇಕಾದ್ದೇ. ಗ್ಯಾಸ್ ಇಲ್ಲದ ಬಡವರ ಮನೆಗೆ ಸರಕಾರದ ಖರ್ಚಿನಲ್ಲಿ ಸಿಲಿಂಡರು, ಒಲೆ ಎರಡೂ ಕೊಡುತ್ತಾರೆಂದು ಕೇಳಿ ಲಕ್ಷ್ಮವ್ವ ಅರ್ಜಿ ಹಾಕಿ ಬಹಳ ದಿನವಾಗಿತ್ತು. ಮನೆ ನೋಡಲು ಸಾಹೇಬರು ಬರುತ್ತಾರೆ ಎಂಬ ಸುದ್ದಿಯೂ ಬಂತು. ಕೆಲಸ ಕೆಟ್ಟದ್ದು ಅಲ್ಲಿಯೇ.

ಆ ಚಾಳಿನಲ್ಲಿ ಮನೆ ನೋಡಲು ಬರುವವರೆಂದರೆ ಹೆಣ್ಣು ಕೇಳಲು ಬರುವವರು. ಅಂಥ ದಿನ ಇಡೀ ಸಾಲು ತನ್ನ ಮನೆಯ ಚಲೋ ಸಾಮಾನನ್ನೆಲ್ಲ ಒಂದೇ ಮನೆಗೆ ತಂದು ಸುರಿಯುತ್ತದೆ. ಬಂದವರು ಹೋದ ಮೇಲೆ ಒಯ್ಯುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಅವತ್ತೂ ಹಾಗೇ ಆಯಿತು. ಎದುರು ಮನೆಯ ಬಸವಂತಪ್ಪನ ಕುರ್ಚಿ ಬಂತು. ಯಾರದೋ ಫ್ಯಾನು ಬಂತು. ಹೂವಿನ ಚಿತ್ತಾರದ ಕಪ್ಪುಬಸಿ ಬಂದವು. ಕಡೆಗೆ ಅಕ್ಬರಬಿ ಗಂಡನ ಹೆಗಲ ಮೇಲೆ ತನ್ನ ಸಿಲಿಂಡರು ಹೊರಿಸಿಕೊಂಡು, ಕೈಯಲ್ಲಿ ಒಲೆ ಹಿಡಿದುಕೊಂಡು ಬಂದಳು.

"ಅರೆ, ಇದ್ಯಾಕ?" ಎಂದಳು ಲಕ್ಷ್ಮವ್ವ.

"ಸರಕಾರಿ ಮೆಹಮಾನ್ ಬರ್ತಾರಕ್ಕಾ! ಹೊಗಿ ವಾಸನಿ ಚಾಯ್ ಕುಡಸ್ತಿ ಏನು ಅವರಿಗೆ?"

ಅದೂ ಖರೆ ಅನ್ನಿಸಿತು. ಮನೆಗೆ ಗ್ಯಾಸು ಬಂದಿತೆಂದು ಲಕ್ಷ್ಮವ್ವ ಅದಕ್ಕೆ ಅರಿಷಿಣ ಕುಂಕುಮವನ್ನೂ ಹಚ್ಚಿದಳು.

ಬಂದವನು ಮನೀಶ್ ಎಂಬ ಹುಡುಗಮೋರೆಯ ಸಾಹೇಬ. ಕುರ್ಚಿಯಲ್ಲಿ ಕೂತ, ಫ್ಯಾನಿನ ಗಾಳಿ ತಗೊಂಡ, ಚಹಾ ಕುಡಿದು ಚಲೋ ಐತಿ ಎಂದ. ಆಮೇಲೆ ಕುಂಕುಮದ ಸಿಲಿಂಡರಿನ ಕಡೆ ನೋಡಿ, "ಮಾವಶೀ, ಗ್ಯಾಸ್ ತುಮಚಾ ಕಾ?" ಎಂದು ಮರಾಠಿಯಲ್ಲಿ ಕೇಳಿದ. ಗ್ಯಾಸು ನಿಮ್ಮದೇನು ಎಂದು.

ಬಾಗಿಲ ತುಂಬ ಮಂದಿ. ಬಂದವರ ಮುಂದೆ, ಉಟ್ಟ ಸೀರೆ ಎರವಿನದು ಎಂದು ಯಾವ ಹೆಣ್ಣುಮಗಳು ಹೇಳಿಯಾಳು? ಲಕ್ಷ್ಮವ್ವ ಸೆರಗು ಸರಿಮಾಡಿಕೊಂಡು, "ಹೋ, ಆಮಚಾಚ," ಎಂದಳು. ಹೂಂ, ನಮ್ಮದೇ.

ಸಾಹೇಬ ಬರೆದುಕೊಂಡು ಹೋದ. ಆಮೇಲೆ ಮೊಬೈಲಿಗೆ ಸಂದೇಶ ಬಂತು: ಈ ಮನೆಯಲ್ಲಿ ಗ್ಯಾಸ್ ಇದೆ, ಅರ್ಜಿ ವಜಾ.

ಅಕ್ಬರಬಿ ಎದೆ ಎದೆ ಬಡಿದುಕೊಂಡಳು. "ನಾ ಬಾಜೂಕೇ ನಿಂತಿದ್ದೆ ಅಕ್ಕಾ. ನಂದು ಅಂತ ಬಾಯಿ ತನಕ ಬಂದಿತ್ತು. ಆದರ ಮೆಹಮಾನರ ಮುಂದ ನಿನ್ನ ಮಾನ ಹೆಂಗ ಕಳೀಲಿ?"

ಅವತ್ತು ಕಂಡ ಗ್ಯಾಸು ನನ್ನದಲ್ಲ ಎಂದು ಒಂದು ಕಾಗದ ಬರೆದು, ಗ್ಯಾಸಿನ ಒಡತಿಯ ಸಹಿ ಹಾಕಿಸಿ ದೊಡ್ಡ ಆಫೀಸಿಗೆ ಕಳಿಸಿದರೆ ಮತ್ತೆ ನೋಡುತ್ತಾರೆ ಎಂದು ಏಜೆನ್ಸಿಯವರು ಹೇಳಿದರು. ಮಹಾದೇವಿ ಮುನಸಿಪಾಲ್ಟಿ ಸಾಲೆಯಲ್ಲಿ ಮರಾಠಿ ಕಲಿತವಳು, ಬರೆಯಲು ತಯಾರಿದ್ದಳು. ಲಕ್ಷ್ಮವ್ವನೇ ಮುಂದೂಡಿದಳು. ಇವತ್ತು ಅಮಾಸಿ. ಇವತ್ತು ಮಂಗಳವಾರ. ಇವತ್ತು ಪೆನ್ನು ಸರಿ ಮೂಡವಲ್ಲದು. ಬಾಯಿಮಾತು ಗಾಳಿಗೆ ಹೋಗುತ್ತದೆ. ಎರವು ತಂದು ನಮ್ಮದು ಅಂದೆ ಎಂದು ಹಾಳೆಯಲ್ಲಿ ಬರೆದುಕೊಟ್ಟರೆ ಅದು ಸರಕಾರದ ಕಪಾಟಿನಲ್ಲಿ ಕಾಯಮ್ಮಾಗಿ ಕೂಡುತ್ತದೆ. ಇದು ಅವಳ ಸಂಕಟ.

"ಕಾಗದದ ಮಾತು ಬಿಡಕ್ಕಾ, ನನ್ನ ಗ್ಯಾಸಿನ ಮ್ಯಾಲೇ ನೀರು ಕಾಸು," ಎಂದಳು ಅಕ್ಬರಬಿ, ಈಗ ಹೊಗೆ ನೋಡಿ ಬಂದವಳು.

"ಬ್ಯಾಡವಾ ತಾಯಿ. ಒಮ್ಮೆ ನಿನ್ನ ಗ್ಯಾಸ್ ತಂದಿದ್ದು ಸಾಕಾಗೇತಿ."

ಒಳಗೆ ಮಹಾದೇವಿ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಲಕ್ಷ್ಮವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. "ಹೋಗವಾ. ಅಲ್ಲಿ ಗೀಸರ್ ಐತಿ," ಎಂದಳು.

"ಗೀಸರ್ ನೀರು ಕಾಸ್ತೈತವ್ವಾ. ಎರೀತೈತೇನು?" ಎಂದಳು ಮಗಳು.

ಲಕ್ಷ್ಮವ್ವ ಊದುಗೊಳವೆ ಮೂಲೆಗೆ ಒಗೆದಳು. "ಪೆನ್ನ ತಗಿ."

ಮಹಾದೇವಿ ಮೊದಲು ಅತ್ತೆಗೆ ಫೋನ್ ಮಾಡಿದಳು. "ಕಾಗದ ಇವತ್ತ ಹೋಗ್ತೈತ್ರಿ. ಉತ್ತರ ಬರೂತನ ತಡೀರಿ."

"ಪೋಸ್ಟಿನ ಪಾವತಿ ಚೀಟಿ ಫೋಟೋ ತಗದ ಕಳಸು. ಅಂದ್ರ ತಡೀತೀನಿ," ಎಂದಳು ಹನುಮವ್ವ. ಪಕ್ಕಾ ಹೆಣ್ಣುಮಗಳು.

ಲಕ್ಷ್ಮವ್ವ ಹೇಳತೊಡಗಿದಳು. "ಬರಿ. ಸಾಹೇಬರಿಗೆ ಶರಣು. ನಾವೆಲ್ಲ ಆರಾಮ, ನಿಮ್ಮ ಮನ್ಯಾಗೂ ಎಲ್ಲಾರೂ ಆರಾಮ ಇರಬೇಕು."

"ಅವ್ವಾ, ಇದು ಬೀಗರಿಗೆ ಬರ್ಯೂ ಕಾಗದ ಅಲ್ಲ!"

"ಆಫೀಸದಾಗ ಇದ್ದರ ಅವರಿಗೆ ಮನೀ ಮಂದಿ ಇರೂದಿಲ್ಲೇನ? ಬರಿ. ಅವತ್ತ ಕಂಡ ಗ್ಯಾಸ್ ಅಕ್ಬರಬೀದು. ಸಾಹೇಬ್ರು ಕೂತ ಕುರ್ಚಿ ಬಸವಂತಪ್ಪಂದು."

"ಕುರ್ಚಿ ಯಾರು ಕೇಳ್ಯಾರ?"

"ಹೇಳೂದ ಆತಂದ್ರ ಎಲ್ಲಾ ಹೇಳೂದು. ಅರ್ಧಾ ಹೇಳಿ ಅರ್ಧಾ ಸೆರಗಿನ್ಯಾಗ ಇಟಗೊಳ್ಳಲೇನು?"

ಹೊರಗಿನಿಂದ ಬಸವಂತಪ್ಪ ಕೂಗಿದ: "ಕುರ್ಚಿ ಮ್ಯಾಲಿನ ಗಾದೀನೂ ನಂದ, ಬರಕೋರಿ!"

"ನನ್ನ ಗ್ಯಾಸ್ ಹಮೇಶಾ ಸಾಫ್ ಇರ್ತದ ಅಂತನೂ ಹಾಕು," ಎಂದಳು ಅಕ್ಬರಬಿ, ಸಹಿಗೆ ಕೈ ಚಾಚುತ್ತ.

ಫ್ಯಾನು, ಕಪ್ಪುಬಸಿ, ಚಹಾದ ಹಾಲು ಎಲ್ಲವೂ ಒಡೆಯರ ಹೆಸರಿನೊಂದಿಗೆ ಹಾಳೆ ಏರಿದವು. ಮುಗಿಯುವಾಗ ಲಕ್ಷ್ಮವ್ವ ಹಾಳೆಯ ಕೊನೆಗೆ ಬೆರಳಿಟ್ಟಳು. "ಇಷ್ಟ ಬರದ ಮುಗಸು: ಸಾಹೇಬ್ರು ಚಾ ಚಲೋ ಐತಿ ಅಂದ್ರು. ಮಾಡಿದ ಕೈ ಮಾತ್ರ ನಂದು."

ಅವಳು ಪೋಸ್ಟಿಗೆ ಹೊರಟಾಗ ಅಕ್ಬರಬಿ ಓಡಿಬಂದು ತನ್ನ ಹೊಸ ಚಪ್ಪಲಿ ಮುಂದಿಟ್ಟಳು. "ಸರಕಾರಿ ಜಾಗಾಕ್ಕ ಹಿಂಗ ಹೋಗ್ತಿ ಏನಕ್ಕಾ? ಹಾಕ್ಕೋ."

ಲಕ್ಷ್ಮವ್ವ ಆ ಚಪ್ಪಲಿ ನೋಡಿದಳು. ಅಕ್ಬರಬಿಯನ್ನೂ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಪಿನ್ನು ಚುಚ್ಚಿದ ತನ್ನ ಹಳೆಯ ಚಪ್ಪಲಿಯನ್ನೇ ಮೆಟ್ಟಿ ನಡೆದಳು.

ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಅದರ ಹೆಬ್ಬೆರಳ ಉಂಗುಷ್ಠ ಕಿತ್ತಿತು. ಚಪ್ಪಲಿ ಒಂದು ಕೈಯಲ್ಲಿ ಹಿಡಿದು, ಕಾಗದ ಹಿಡಿದ ಇನ್ನೊಂದು ಕೈಯನ್ನು ಕಿಂಡಿಯೊಳಗೆ ಚಾಚಿ, "ಸ್ಪೀಡ್ ಪೋಸ್ಟ್ ಮಾಡ್ರಿ," ಎಂದಳು. ಒಳಗಿದ್ದವನು ಕಾಗದ ತಗೊಂಡು ತೂಕಕ್ಕಿಟ್ಟ.