ಕಿವಿಯ ಹಿಂದಿನ ಬಿಳಿ ಗೆರೆ

ಬಿಳಿ ಗೆರೆ, ಕಿವಿಯ ಹಿಂದೆ, ಬೆರಳಗಲ, ಉಜ್ಜದೇ ಬಿಟ್ಟದ್ದು — ಕೌಂಟರಿನ ಆಚೆ ನಿಂತ ಹುಡುಗಿ ಸೋಪುಗಳ ಕಡೆ ತಿರುಗಿದಾಗ ಅಂಜನಾಳಿಗೆ ಮೊದಲು ಕಂಡದ್ದು ಅದೇ, ಮುಖ ಆಮೇಲೆ, ಕಂಡ ಕೂಡಲೇ ತೋರುಬೆರಳು ತಾನಾಗಿ ಮಡಚಿಕೊಂಡಿತು, ಒರೆಸಿಬಿಡಲೇ ಅನ್ನುವ ಹಾಗೆ, ಛೆ, ಯಾರದೋ ಮನೆಯ ಹುಡುಗಿ, ಯಾರದೋ ಕಿವಿ, ಸತ್ಯನಾರಾಯಣಪೇಟೆಯ ಈ ಔಷಧಿ ಅಂಗಡಿಗೆ ದಿನಕ್ಕೆಷ್ಟು ಕಿವಿಗಳು ಬಂದು ಹೋಗುತ್ತವೆ, ಎಲ್ಲವನ್ನೂ ಒರೆಸುತ್ತ ಕೂತರೆ ಮಾತ್ರೆ ಮಾರುವವರು ಯಾರು. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು, ಕೋಟೆ ಗುಡ್ಡದ ಬಂಡೆಗಳ ಕಡೆ ಕಣ್ಣೆತ್ತಿ ನೋಡುವ ಹಾಗಿಲ್ಲ, ಒಳಗೆ ಮಾಲೀಕರು ದೊಡ್ಡಬಸಪ್ಪನವರು ಫ್ಯಾನಿನ ಕೆಳಗೆ ಕಣ್ಣು ಮುಚ್ಚಿಕೊಂಡೇ ವ್ಯಾಪಾರ ನೋಡಿಕೊಳ್ಳುತ್ತಿದ್ದಾರೆ, ಅಕ್ಕಾ, ಬಿಸಿಲಿಗೆ ಹಚ್ಚೋ ಕ್ರೀಮು ಬೇಕಿತ್ರಿ, ಅನ್ನುತ್ತಾಳೆ ಹುಡುಗಿ, ಮಖ ಬೆಳ್ಳಗಾಗ್ತೈತೇನ್ರಿ ಅದರಿಂದ? — ಬಂದವರೆಲ್ಲ ಕೇಳುವುದು ಇದೊಂದನ್ನೇ, ಇಲ್ಲಮ್ಮ, ಬೆಳ್ಳಗ ಮಾಡಾದಲ್ಲ, ಸುಡದಂಗ ಕಾಯ್ತೈತಿ ಅಷ್ಟ, ಅಂತ ಅಂಜನಾಳ ಬಾಯಿ ಹೇಳುತ್ತದೆ, ಇಷ್ಟು ವರ್ಷದಲ್ಲಿ ಬಾಯಿಗೆ ಇದು ಪಾಠವಾಗಿಬಿಟ್ಟಿದೆ, ಮನಸ್ಸು ಜೊತೆಗೆ ಇರಲೇಬೇಕೆಂದಿಲ್ಲ. ಮನಸ್ಸು ಯುಗಾದಿಯಿಂದ ಫೋನಿನೊಳಗೇ ಇದೆ, ಬಿಳಿ ಡಬ್ಬಿಗಳ ಹಿಂದೆ ಮಗುಚಿ ಇಟ್ಟ ಫೋನು, ನಿನ್ನೆಯೂ ಬಡಿದುಕೊಳ್ಳಲಿಲ್ಲ, ಇವತ್ತೂ ಇಲ್ಲ.

ಯುಗಾದಿ ಆಗ್ಲಿ ಲೇ ಅಂಜು, ಮನ್ಯಾಗ ಹೇಳಿಬಿಡ್ತೀನಿ, ಅಂದಿದ್ದ ಗವಿ, ಗವಿಸಿದ್ದೇಶ್, ಸಿರುಗುಪ್ಪದವನು, ಭತ್ತ ಕೊಯ್ಯುವ ಯಂತ್ರಗಳ ರಿಪೇರಿಯವನು, ಗದ್ದೆಯ ನಡುವೆ ಯಂತ್ರ ಕೆಟ್ಟು ನಿಂತರೆ ನೆತ್ತಿ ಕಾಯುವ ಹೊತ್ತಿನಲ್ಲೂ ಅದರ ಹೊಟ್ಟೆಯೊಳಗೆ ಕೈ ಹಾಕಿಕೊಂಡು ನಿಲ್ಲುವವನು, ಮೊದಲ ಸಲ ಈ ಅಂಗಡಿಗೆ ಬಂದಾಗ ಮೂಗಿನ ತೊಗಲು ಸುಲಿದುಕೊಂಡು ಬಂದಿದ್ದ, ಬಿಸಿಲಿಗೆ ಏನಾರ ಕೊಡ್ರಿ ಅಂದ, ಕೊಟ್ಟರೆ, ಇದು ಹೆಣ್ಮಕ್ಕಳದಲ್ಲೇನ್ರಿ ಅಂದ, ಬಿಸಿಲಿಗೆ ಗಂಡು ಯಾರು ಹೆಣ್ಣು ಯಾರು ಅಂತ ಎಲ್ಲಿ ಗೊತ್ತಾಗ್ತೈತ್ರಿ ಅಂದಳು, ನಕ್ಕ, ನಗುವಾಗ ಸುಟ್ಟ ಮೂಗು ಉರಿದು ಅಯ್ಯೋ ಅಂದ, ಅವಳೂ ನಕ್ಕಳು, ಅಲ್ಲಿಗೆ ಅವಳ ಕಥೆ ಮುಗಿಯಿತು, ಶುರುವಾಯಿತು ಅಂತಲೂ ಹೇಳಬಹುದು. ಹೊರಗೆ ಹೋಗೋಕಿಂತ ಇಪ್ಪತ್ತು ನಿಮಿಷ ಮೊದಲ ಹಚ್ಚು, ಎರಡು ಬೆರಳುದ್ದ ತಗೋ, ಜಿಪುಣತನ ಮಾಡಬ್ಯಾಡ, ಬೆವರು ಒರೆಸಿದ ಮ್ಯಾಲೆ ಮತ್ತ ಹಚ್ಚು, ಬೈಕಿನ ಡಬ್ಬ್ಯಾಗ ಇಡಬ್ಯಾಡ ಮಾರಾಯ, ಕಾದು ಕೆಡ್ತೈತಿ — ಒಬ್ಬ ಗಂಡಸಿಗೆ ಪ್ರೀತಿಯನ್ನು ಹೀಗೂ ಹೇಳಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಮೊದಲು ಕೊಟ್ಟದ್ದು ಘಮಘಮ ಅನ್ನುವಂಥದ್ದು, ಅವನ ಕುತ್ತಿಗೆಯ ತುಂಬ ದದ್ದು ಎದ್ದವು, ಆಮೇಲೆ ವಾಸನೆ ಇಲ್ಲದ, ಜಿಂಕ್ ಇರುವ ಟ್ಯೂಬು ತೆಗೆದುಕೊಂಡು ಅವನ ಜೊತೆ ಕುರುಗೋಡಿಗೆ ಹೋದಳು, ಹೋದದ್ದು ದೊಡ್ಡ ಬಸವಣ್ಣನ ದರ್ಶನಕ್ಕೆ, ಮನೆಯಲ್ಲಿ ಹೇಳಿದ್ದೂ ಅದೇ, ಅರ್ಧ ಸುಳ್ಳು. ದಾರಿಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ತಿರುಗು, ಅಂದಳು, ಅವನ ಕಿವಿಯ ಹಿಂದೆ ಒಂದು ಗೆರೆ ಎಳೆದಳು, ಉಜ್ಜಬ್ಯಾಡ, ಹಂಗ ಬಿಡು, ನಾಳಿಗೆ ಕೆಂಪಾಗದಿದ್ರ ಮಖಕ್ಕ ಹಚ್ಚಬಹುದು, ಟ್ಯೂಬಿನ ಮುಚ್ಚಳ ಸೀಳಿತ್ತು, ಜಡೆಯ ಹಸಿರು ರಬ್ಬರು ಬಿಚ್ಚಿ ಅದರ ಕೊರಳಿಗೆ ಸುತ್ತಿ ಕೊಟ್ಟಳು. ಊರೊಳಗೆ ಅವನು ಒಂದು ಓಣಿ ಬಿಟ್ಟು ಇನ್ನೊಂದು ಓಣಿಗೆ ಗಾಡಿ ತಿರುಗಿಸಿದ, ಯಾಕೋ, ಅಂದರೆ, ಅದು ನಮ್ಮಕ್ಕನ ಮನಿ ಓಣಿ, ನೋಡಿದ್ರ ಕಷ್ಟ, ಅಕ್ಕಗ ಒಬ್ಬಾಕಿ ಮಗಳದಾಳ, ತೊಟ್ಟಿಲದಾಗ ಇದ್ದಾಗಲೇ ನನಗಂತ ಮಾತಾಡಿ ಇಟ್ಟಾರ, ನಾನು ಎತ್ತಿ ಆಡಿಸಿದ ಹುಡುಗಿ ಲೇ, ಅದೆಲ್ಲ ಆಗೋ ಮಾತಲ್ಲ ಬಿಡು. ಬಿಟ್ಟಳು. ಗುಡಿಯ ಮುಂದೆ ಕಾಯಿ ಮಾರುವ ಮುದುಕಿ, ಏನಪ್ಪ, ಎಲ್ಲರೂ ಹಣಿಗೆ ಇಬತ್ತಿ ಹಚ್ಚಿದ್ರ ನೀ ಕಿವಿಹಿಂದ ಹಚ್ಚೀಯಲ್ಲ, ಅಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಪರೀಕ್ಷೆ ಕೆಟ್ಟರೆ ಕೆಡಲಿ ಎಂದು ಬೆರಳು ಮಡಚಿ ಒರೆಸಿಬಿಟ್ಟಳು, ಕಿವಿಯ ಹಿಂದಿನ ಆ ಜಾಗ, ಬಿಸಿಲು ಎಂದೂ ಮುಟ್ಟದ ಜಾಗ, ಎಷ್ಟು ಮೆತ್ತಗಿತ್ತು. ಹುಡುಗಿ ಏನೋ ಕೇಳುತ್ತಿದ್ದಾಳೆ.

ನಿಂದು ಎಣ್ಣಿ ಚರ್ಮನೋ, ಒಣ ಚರ್ಮನೋ, ಎಣ್ಣಿ ಇದ್ರ ಜೆಲ್ ಕೊಡ್ತೀನಿ, ಒಣ ಇದ್ರ ಕ್ರೀಮು, ಅನ್ನುತ್ತಾಳೆ ಅಂಜನಾ, ಏನೋ ಗೊತ್ತಿಲ್ಲಕ್ಕಾ, ಏನ್ ಹಚ್ಚಿದ್ರೂ ಕೆಂಪಗಾಗ್ತೈತಿ, ಬರೋ ವಾರ ಮದಿವಿ, ಅರಿಷಿಣ ಹಚ್ಚೋದು, ನೀರು ಹಾಕೋದು ಎಲ್ಲಾ ಬಯಲಾಗ ರೀ, ಅದಕ್ಕ ನಮ್ಮಮ್ಮಗ ಚಿಂತಿ, ಅಂತ ಹುಡುಗಿ ಮದುವೆಯ ಹೆಸರಿಗೇ ಮುಖ ಅರಳಿಸಿ ಚೀಲದೊಳಗೆ ಕೈ ಹಾಕುತ್ತಾಳೆ, ಇದ ಟ್ಯೂಬು ಹೊಸದು ಕೊಡ್ರಿ, ಇದನ್ನ ನಿನ್ನೆನೂ ಹಚ್ಚಿ ನೋಡೀವಿ, ಇವತ್ತೂ ಹಚ್ಚೀವಿ, ಕಿವಿಹಿಂದ ಹಚ್ಚಿ ಉಜ್ಜದಂಗ ಬಿಡಬೇಕಂತ, ನಮ್ಮ ಮಾವಗ ಇದೆಲ್ಲಾ ಬಾಳ ಗೊತ್ತೈತ್ರಿ, ಅವರೇ ಹಚ್ಚಿದ್ರು. ಬಾಲದಿಂದ ಸುತ್ತಿಕೊಂಡು ಬಂದ ಟ್ಯೂಬು, ಸೀಳಿದ ಮುಚ್ಚಳ, ಕೊರಳಿಗೆ ಹಸಿರು ರಬ್ಬರು — ರಬ್ಬರಿಗೆ ಒಂದು ಕೂದಲು ಇನ್ನೂ ಸಿಕ್ಕಿಕೊಂಡಿದೆ, ಉದ್ದದ್ದು, ಹುಡುಗಿಯದಲ್ಲ. ಮಾವ ಗಾಡಿ ನಿಲ್ಲಸಾಕ ನೆಳ್ಳು ಹುಡಿಕ್ಯಾಡಾಕ ಹತ್ಯಾರ, ಬಂದ್ರು ನೋಡ್ರಿ, ಅನ್ನುವಷ್ಟರಲ್ಲಿ ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಅಂಗಡಿ ಯಾವುದೆಂದು ಹುಡುಗಿಗೆ ಅವನು ಹೇಳಿರಲಿಲ್ಲವೇನೋ, ಬೋರ್ಡು ನೋಡಿ ಅವಳೇ ನುಗ್ಗಿಬಿಟ್ಟಳೇನೋ, ಅವನ ಮುಖದ ಬಣ್ಣ ಹೋಗಿದೆ, ಪಂಪಾ, ಆತೇನು, ಅನ್ನುತ್ತಾನೆ, ಅವಳಿಗೆ, ಆಮೇಲೆ ಅಂಜನಾಳಿಗೆ, ಇದ ಇದ್ರ ಒಂದು ಕೊಡ್ರಿ ಮೇಡಂ. ಕೊಡ್ರಿ. ಮೇಡಂ. ಲೇ ಅಂಜು ಅಂದ ಬಾಯಿ ಅದು, ಒಡೆದುಹೋಗಲಿ ಎದೆ, ಇಲ್ಲಿ ಬೇಡ, ದೊಡ್ಡಬಸಪ್ಪನವರ ಫ್ಯಾನಿನ ಕೆಳಗೆ ಬೇಡ. ಕೈ ಮೇಲಿನ ಅರೆಗೆ ಹೋಗುತ್ತದೆ, ಅಲ್ಲಿ ಘಮಘಮದ ಟ್ಯೂಬು ಇದೆ, ಇದು ಇನ್ನೂ ಚಲೋ ಐತಮ್ಮ ಅಂದರೆ ಸಾಕು, ಅರಿಷಿಣದ ಹೊತ್ತಿಗೆ ಮುಖವೆಲ್ಲ ದದ್ದು, ಕೈ ಅಲ್ಲೇ ಒಂದು ಕ್ಷಣ ನಿಂತಿತು, ನಿಂತದ್ದು ನಿಜ, ಆಮೇಲೆ ಕೆಳಗಿನ ಅರೆಗೆ ಇಳಿಯಿತು, ಈ ಹುಡುಗಿ ಏನು ಮಾಡಿದೆ, ತೊಟ್ಟಿಲಲ್ಲಿ ಮಲಗಿದ್ದಾಗ ಯಾರೋ ಆಡಿದ ಮಾತಿಗೆ. ಇಪ್ಪತ್ತು ನಿಮಿಷ ಮೊದಲ, ಎರಡು ಬೆರಳುದ್ದ, ಅಂತ ಬಾಯಿ ಶುರು ಮಾಡುತ್ತದೆ, ಗೊತ್ತೈತಕ್ಕಾ, ಜಿಪುಣತನ ಮಾಡಬಾರದಂತ, ಮಾವ ಹೇಳ್ಯಾರ, ಎಂದು ಹುಡುಗಿ ನಗುತ್ತಾಳೆ, ಗವಿ ತೂಕದ ಯಂತ್ರ ನೋಡುತ್ತಿದ್ದಾನೆ, ಅದರ ಮೇಲೆ ಯಾರೂ ನಿಂತಿಲ್ಲ. ನೀವ ಒಂಚೂರು ನೋಡ್ರಲ್ಲ, ಕೆಂಪಾಗೈತೇನು, ನನಗ ಕಾಣಾಂಗಿಲ್ಲ, ಎಂದು ಹುಡುಗಿ ಕೂದಲು ಸರಿಸಿ, ಕೌಂಟರಿನ ಮೇಲೆ ಬಾಗಿ, ಅಕ್ಕನಿಗೆ ಜಡೆ ಹಾಕಲು ಕೊಡುವ ತಂಗಿಯಂತೆ ತಲೆ ಕೊಡುತ್ತಾಳೆ, ಅಂಜನಾ ನೋಡುತ್ತಾಳೆ, ಕೆಂಪಾಗಿರಲಿ ಬಸವಣ್ಣ, ಒಂದೇ ಒಂದು ಗುಳ್ಳೆ ಇರಲಿ, ಒಂದು ಕಡೆಯಾದರೂ ಈ ಟ್ಯೂಬು ಒಲ್ಲೆ ಅಂದಿರಲಿ, ಇಲ್ಲ, ಏನೂ ಇಲ್ಲ, ಬಿಸಿಲು ಮುಟ್ಟದ ನುಣ್ಣನೆಯ ಚರ್ಮ, ಅದರ ಮೇಲೆ ಅವನ ಬೆರಳು ಎಳೆದದ್ದು, ಅವಳು ಕಲಿಸಿದ ಹಾಗೆಯೇ. ಕೆಂಪಾಗಿಲ್ಲಮ್ಮ, ನಿನಗ ಹಿಡಿಸೇತಿ, ಹಚ್ಚಿಕೋ, ಅಂತಾಳೆ, ಹಳೇದು ಇಲ್ಲೇ ಬಿಡ್ಲೇನ್ರಿ ಅಂತ ಹುಡುಗಿ, ಬಿಡು ಅಂತ ಅವಳು, ಅವರು ಇಳಿದು ಹೋಗುತ್ತಾರೆ, ಗಾಡಿಯ ಸದ್ದು, ಹುಡುಗಿ ಅವನ ಹೆಗಲು ಹಿಡಿದು ಹತ್ತಿ ಕೂತು ದುಪಟ್ಟಾವನ್ನು ತಲೆಗೆ ಸುತ್ತಲು ಮುಖ ಆ ಕಡೆ ತಿರುಗಿಸಿ ಕೂದಲು ಸರಿಸುತ್ತಾಳೆ, ಏನಮ್ಮ, ಹೋದ್ರೇನು, ಅಂತ ದೊಡ್ಡಬಸಪ್ಪನವರು ಕಣ್ಣು ಮುಚ್ಚಿಯೇ ಕೇಳುತ್ತಾರೆ, ಹೂಂ ಅನ್ನಬೇಕು, ಬೆರಳು ಮಡಚಿದ್ದು ಮಡಚಿದಂತೇ ಇದೆ, ಹೋದ್ರು ಅನ್ನಬೇಕು, ಬಿಸಿಲಿನಲ್ಲಿ ಅದು ಇನ್ನೂ ಬೆಳ್ಳಗೆ ಕಾಣುತ್ತಿದೆ, ಬಿಳಿ ಗೆರೆ, ಕಿವಿಯ ಹಿಂದೆ, ಬೆರಳಗಲ, ಉಜ್ಜದೇ ಬಿಟ್ಟದ್ದು —